ನಮ್ಮೂರಿನ ಹೆಸರು ಹುಡುಕಿದರೆ ಮೊದಲು ಸಿಗುವವರು ಯಾರು? ದಕ್ಷಿಣ ಕನ್ನಡ, ಉಡುಪಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಬೆಂಗಳೂರಿನ ಒಂದು ಕುಟುಂಬ ಉಡುಪಿಗೆ ಹೊರಡುವ ಮೊದಲು ಮೊಬೈಲಿನಲ್ಲಿ ರೂಮು ಹುಡುಕುತ್ತದೆ. ಆಗ ಪರದೆಯ ಮೇಲ್ತುದಿಯಲ್ಲಿ ಕಾಣುವುದು ಉಡುಪಿಯ ಲಾಡ್ಜ್ ಆಗಿರಬೇಕೆಂದೇನೂ ಇಲ್ಲ. ಆ ಜಾಗಕ್ಕೆ ಯಾರು ಹಣ ಕಟ್ಟಿದ್ದಾರೋ ಅವರು ಅಲ್ಲಿ ಇರುತ್ತಾರೆ. ಈ ಜಾಗಕ್ಕಾಗಿ ಕರಾವಳಿಯ ಸಣ್ಣ ಮಾಲೀಕರೂ ಸರಕಾರಿ ಪ್ರಚಾರದ ಗುತ್ತಿಗೆ ಹಿಡಿದವರೂ ಹಣ ಹಾಕುತ್ತಿದ್ದಾರೆ. ಅದರಲ್ಲಿ ಬಹಳಷ್ಟು ಎಲ್ಲಿ ಸೋರುತ್ತಿದೆ, ಏಕೆ ಸೋರುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ. ಸರ್ಚ್ ಜಾಹೀರಾತನ್ನೇ ಕಸುಬಾಗಿ ಮಾಡುವ ನಾವು ಜಾಹೀರಾತು ಬೇಡ ಎನ್ನುವವರಲ್ಲ. ಜಾಹೀರಾತಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಆಗುವ ಕೆಲಸ ಮೊದಲು ಮುಗಿಯಲಿ, ಆಮೇಲೆ ಖರ್ಚಾಗುವ ಹಣಕ್ಕೆ ಕಟ್ಟುನಿಟ್ಟಾದ ಷರತ್ತುಗಳಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಹುಡುಕಾಟದ ಪುಟದಲ್ಲಿ ಎರಡು ಬಗೆಯ ಫಲಿತಾಂಶಗಳಿರುತ್ತವೆ. ಒಂದು ಹಣ ಕೊಟ್ಟು ಪಡೆದದ್ದು. ಇನ್ನೊಂದು ಆರ್ಗ್ಯಾನಿಕ್, ಅಂದರೆ ಪುಟದ ವಿಷಯ ಮತ್ತು ನಂಬಿಕೆಯ ಬಲದಿಂದ ತಾನಾಗಿ ಬಂದದ್ದು. ಎರಡನ್ನೂ ಬೇರ್ಪಡಿಸುವ ಗುರುತು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ ಬಂದಿದೆ. 2013ರವರೆಗೆ ಗೂಗಲ್ ಜಾಹೀರಾತುಗಳ ಹಿಂದೆ ಬೇರೆ ಬಣ್ಣದ ಹಿನ್ನೆಲೆ ಇತ್ತು. ಆಮೇಲೆ ಅದು ಹಳದಿ ಚೀಟಿಯಾಯಿತು, 2016ರಲ್ಲಿ ಹಸಿರಾಯಿತು, 2019ರಲ್ಲಿ ಕಪ್ಪು ಅಕ್ಷರವಾಯಿತು. 2022ರ ಅಕ್ಟೋಬರ್‌ನಿಂದ ಮೊಬೈಲಿನಲ್ಲಿ 'ಸ್ಪಾನ್ಸರ್ಡ್' ಎಂಬ ಪದ ಬಂದಿದೆ. ಬಲಬದಿಯಲ್ಲಿದ್ದ ಜಾಹೀರಾತುಗಳನ್ನು 2016ರ ಫೆಬ್ರವರಿಯಲ್ಲಿ ತೆಗೆದರು. ಅಂದಿನಿಂದ ಮೇಲ್ಭಾಗದಲ್ಲೇ ನಾಲ್ಕರವರೆಗೆ ಜಾಹೀರಾತು ಬರುವುದುಂಟು. ಮೊಬೈಲಿನಲ್ಲಿ ನಾಲ್ಕು ಜಾಹೀರಾತು ಸೇರಿದರೆ ಪರದೆ ತುಂಬಿತು. ಸಹಜ ಫಲಿತಾಂಶ ಕಾಣಬೇಕಾದರೆ ಬೆರಳು ಸರಿಸಬೇಕು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಎಐ ಓವರ್‌ವ್ಯೂ ಇದರ ಮೇಲೆ ಇನ್ನೊಂದು ಪದರ ಹಾಕಿತು. ಹತ್ತಾರು ಪುಟಗಳಿಂದ ಹೆಕ್ಕಿದ ಉತ್ತರವನ್ನು ಗೂಗಲ್ ತಾನೇ ಮೇಲೆ ಬರೆದಿಡುತ್ತದೆ. 'ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಎಷ್ಟು ಗಂಟೆಗೆ' ಎಂದು ಕೇಳಿದವರಿಗೆ ಉತ್ತರ ಅಲ್ಲೇ ಸಿಕ್ಕರೆ ಅವರು ಯಾವ ಪುಟವನ್ನೂ ತೆರೆಯುವುದಿಲ್ಲ. ಆ ಉತ್ತರ ಸರಿಯಾಗಿರಬೇಕಾದರೆ ಸರಿಯಾದ ಮಾಹಿತಿ ಎಲ್ಲಾದರೂ ಓದಬಲ್ಲ ಅಕ್ಷರಗಳಲ್ಲಿ ಇರಬೇಕು. ಈ ಮಾತಿಗೆ ಮತ್ತೆ ಬರುತ್ತೇವೆ.

ಹಣ ಕೊಟ್ಟು ಪಡೆಯುವ ಜಾಗಕ್ಕೆ ನಿಗದಿತ ದರವಿಲ್ಲ. ಒಬ್ಬರು ಹುಡುಕಿದಾಗಲೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆಯುತ್ತದೆ. ಕ್ಲಿಕ್ಕಿಗೆ ಹಣ ಎಂಬ ಈ ಹರಾಜು ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟೂ ಡಾಟ್ ಕಾಮ್ ಶುರು ಮಾಡಿತು. ಗೂಗಲ್ ಆಡ್‌ವರ್ಡ್ಸ್ ಎಂಬ ತನ್ನ ಜಾಹೀರಾತು ಸೇವೆಯನ್ನು 2000ದಲ್ಲಿ ತಂದಿತು, 2018ರಲ್ಲಿ ಅದರ ಹೆಸರನ್ನು ಗೂಗಲ್ ಆಡ್ಸ್ ಎಂದು ಬದಲಿಸಿತು. ಇಲ್ಲಿ ಹೆಚ್ಚು ಕೂಗಿದವರೇ ಗೆಲ್ಲುತ್ತಾರೆ ಎಂದೇನಿಲ್ಲ. ಜಾಹೀರಾತು ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಾಧ್ಯತೆ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದೂ ಬಿಡ್‌ನ ಜತೆ ತೂಗುತ್ತದೆ. ಈ ಮೂರರ ಗುಣಮಟ್ಟವನ್ನು ಖಾತೆಯಲ್ಲಿ ಒಂದರಿಂದ ಹತ್ತರ ಅಂಕದಲ್ಲಿ ತೋರಿಸುತ್ತಾರೆ. ಹೋಮ್‌ಸ್ಟೇ ಪುಟದಲ್ಲಿ ದರ ಇಲ್ಲ, ಫೋಟೋ ತೆರೆಯಲು ಎಂಟು ಸೆಕೆಂಡ್ ಬೇಕು ಎಂದಾದರೆ ಅದೇ ಜಾಗಕ್ಕೆ ಅವರು ಪಕ್ಕದವರಿಗಿಂತ ಹೆಚ್ಚು ತೆರಬೇಕಾಗುತ್ತದೆ. ಅಂದರೆ ವೆಬ್‌ಸೈಟನ್ನು ಸರಿಪಡಿಸದೆ ಜಾಹೀರಾತಿಗೆ ಇಳಿದವರು ಪ್ರತಿ ಕ್ಲಿಕ್ಕಿಗೂ ದಂಡ ಕಟ್ಟುತ್ತಿರುತ್ತಾರೆ.

ಈಗ ನಮ್ಮೂರಿಗೇ ವಿಶಿಷ್ಟವಾದ ಒಂದು ಸೋರಿಕೆ. ಉಡುಪಿಯ ಲಾಡ್ಜ್ ಮಾಲೀಕರೊಬ್ಬರು ಜಾಹೀರಾತು ಹಾಕಲು ಕುಳಿತರೆ ಮೊದಲು ಆರಿಸುವ ಪದ 'ಉಡುಪಿ ಹೋಟೆಲ್'. ಮುಂಬೈ, ಚೆನ್ನೈ, ಹೈದರಾಬಾದಿನಲ್ಲಿ ಈ ಪದ ಟೈಪ್ ಮಾಡುವವನಿಗೆ ಬೇಕಾದದ್ದು ಮಸಾಲೆ ದೋಸೆ. ಇದಕ್ಕೆ ಸರಿಯಾಗಿ, ಗೂಗಲ್ ಆಡ್ಸ್‌ನಲ್ಲಿ ಸ್ಥಳ ಆರಿಸುವಾಗ ಮೊದಲೇ ಗುರುತಾಗಿರುವ ಆಯ್ಕೆ 'ಆ ಸ್ಥಳದಲ್ಲಿ ಇರುವವರು ಅಥವಾ ಆ ಸ್ಥಳದಲ್ಲಿ ಆಸಕ್ತಿ ತೋರಿದವರು' ಎಂಬುದು. 'ಉಡುಪಿ' ಎಂದು ಟೈಪ್ ಮಾಡಿದ್ದೇ ಆಸಕ್ತಿ ಎಂದು ಲೆಕ್ಕವಾಗಬಹುದು. ಪದದ ಹೊಂದಾಣಿಕೆಯೂ ಹತ್ತಿರದ ಹುಡುಕಾಟಗಳಿಗೂ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್‌ನಲ್ಲಿದ್ದರೆ 'ಉಡುಪಿ ಹೋಟೆಲ್ ಮೆನು', 'ಉಡುಪಿ ಹೋಟೆಲ್ ಸಾಂಬಾರ್ ಮಾಡುವ ವಿಧಾನ', 'ಉಡುಪಿ ಹೋಟೆಲ್ ಕೆಲಸ ಖಾಲಿ ಇದೆಯೇ' ಎಂದು ಹುಡುಕಿದವರಿಗೂ ಮಠದ ಬಳಿಯ ಲಾಡ್ಜಿನ ಜಾಹೀರಾತು ಕಾಣುತ್ತದೆ. ಕೆಲವರು ಒತ್ತಿಯೂ ಬಿಡುತ್ತಾರೆ. ಹಣ ಹೋಯಿತು. ಮಂಗಳೂರಿನದೂ ಇದೇ ಕತೆ: ಹೆಂಚು ಮಾರುವವರ ಜಾಹೀರಾತು ನೆಲದ ಟೈಲ್ಸ್ ಹುಡುಕುವವರಿಗೆ ಹೋಗುತ್ತದೆ.

ಇದನ್ನು ತಡೆಯುವುದು ಕಷ್ಟವಲ್ಲ. ಮೊದಲನೆಯದಾಗಿ ಸ್ಥಳದ ಆಯ್ಕೆಯನ್ನು 'ಅಲ್ಲಿ ಇರುವವರು ಮಾತ್ರ' ಎಂದು ಬದಲಿಸಬೇಕು, ಮತ್ತು ಸ್ಥಳವನ್ನು ಯೋಚಿಸಿ ಆರಿಸಬೇಕು. ವಾರ ಮೊದಲೇ ರೂಮು ಕಾದಿರಿಸುವ ಗಿರಾಕಿ ಉಡುಪಿಯಲ್ಲಿ ಇರುವುದಿಲ್ಲ. ಅವರು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಾಸರಗೋಡಿನಲ್ಲಿರುತ್ತಾರೆ. ಅಂಥ ಊರುಗಳನ್ನೇ ಆರಿಸಿ, ಪದಗಳಲ್ಲಿ ಮಾತ್ರ ಉಡುಪಿಯನ್ನು ಇಡಬೇಕು. ಬಸ್ಸಿಳಿದು ರಾತ್ರಿಗೆ ಕೋಣೆ ಹುಡುಕುವವರಿಗೆಂದು ಬೇರೆಯೇ ಒಂದು ಪ್ರಚಾರ ಇರಲಿ. ಅದು ಉಡುಪಿಯ ಸುತ್ತ ಹತ್ತು ಕಿಲೋಮೀಟರ್‌ಗೆ ಸೀಮಿತವಾಗಿದ್ದು, ಸಂಜೆಯ ಹೊತ್ತು ಮಾತ್ರ ನಡೆದರೆ ಸಾಕು. ಎರಡನೆಯದಾಗಿ, ಬರೆದ ಪದಗುಚ್ಛದ ಅರ್ಥಕ್ಕೆ ಬಿಗಿಯಾಗಿ ಹೊಂದಿದರೆ ಮಾತ್ರ ಜಾಹೀರಾತು ತೋರಿಸುವ ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್‌ನಿಂದ ಶುರು ಮಾಡಿ 'ಉಡುಪಿ ಲಾಡ್ಜ್', 'ಉಡುಪಿಯಲ್ಲಿ ರೂಮ್', 'ಕೃಷ್ಣ ಮಠದ ಹತ್ತಿರ ರೂಮ್', 'ಮಲ್ಪೆ ಹೋಮ್‌ಸ್ಟೇ' ಇಂಥ ಪದಗಳನ್ನು ಇಡಬೇಕು. ಮೂರನೆಯದು ನೆಗೆಟಿವ್ ಪದಗಳ, ಅಂದರೆ ಹುಡುಕಾಟದಲ್ಲಿ ಇದ್ದರೆ ಜಾಹೀರಾತು ತೋರಿಸಬಾರದ ಪದಗಳ ಪಟ್ಟಿ: ಮೆನು, ರೆಸಿಪಿ, ರೆಸ್ಟೋರೆಂಟ್, ಕೆಲಸ, ದೋಸೆ, ಫ್ರಾಂಚೈಸಿ. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಎರಡೂ ಕಡೆ ಸೇರಿಸಬೇಕು, ಏಕೆಂದರೆ ನೆಗೆಟಿವ್ ಪದಗಳು ತಮ್ಮ ಸಮಾನಾರ್ಥಕಗಳನ್ನು ತಾವಾಗಿ ತಡೆಯುವುದಿಲ್ಲ. ಆಮೇಲೆ ವಾರಕ್ಕೊಮ್ಮೆ ಖಾತೆಯ 'ಸರ್ಚ್ ಟರ್ಮ್ಸ್' ವರದಿ ತೆರೆದು, ಜನ ನಿಜವಾಗಿ ಏನು ಟೈಪ್ ಮಾಡಿ ಬಂದರೆಂದು ನೋಡಿ ಪಟ್ಟಿ ಬೆಳೆಸಬೇಕು. ಇಡೀ ಕಸುಬಿನಲ್ಲಿ ಇದಕ್ಕಿಂತ ಫಲ ಕೊಡುವ ಅರ್ಧ ಗಂಟೆ ಇನ್ನೊಂದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ರೂಮಿಗೆ 2,000 ರೂಪಾಯಿ, ಬುಕಿಂಗ್ ಆ್ಯಪ್‌ಗೆ ಕಮಿಷನ್ ಶೇ. 18, ಅಂದರೆ 360 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಕಮಿಷನ್ ಉಳಿಸಲೆಂದು ಮಾಲೀಕರು ತಾವೇ ಜಾಹೀರಾತು ಹಾಕುತ್ತಾರೆ. ಕ್ಲಿಕ್ಕಿಗೆ 15 ರೂಪಾಯಿ ಬಿದ್ದು, ದೋಸೆ ಹುಡುಕುವವರೆಲ್ಲ ಸೇರಿ 40 ಕ್ಲಿಕ್ಕಿಗೆ ಒಂದು ಬುಕಿಂಗ್ ಆದರೆ 600 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 708. ಕಮಿಷನ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮೇಲೆ ಹೇಳಿದ ಕಸ ತೆಗೆದು 20 ಕ್ಲಿಕ್ಕಿಗೆ ಒಂದು ಬುಕಿಂಗ್ ಬಂದರೂ 354. ಉಳಿದದ್ದು ಆರು ರೂಪಾಯಿ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಹೋಮ್‌ಸ್ಟೇಗೆ ಆ ತೆರಿಗೆ ಮರಳಿ ಸಿಗುವುದೂ ಇಲ್ಲ. ಅಂದರೆ ಜಾಹೀರಾತು ಲಾಭವಾಗುವುದು ಬಂದ ಗಿರಾಕಿ ಮುಂದಿನ ಸಲ ನೇರವಾಗಿ ಫೋನ್ ಮಾಡಿದಾಗ, ಅಥವಾ ಜಾಹೀರಾತಿಲ್ಲದೆಯೇ ಒಂದಷ್ಟು ಜನ ಹುಡುಕಿ ಬಂದಾಗ. ಸಹಜ ಫಲಿತಾಂಶದ ಕೆಲಸ ಮೊದಲಾಗಬೇಕು ಎಂದು ನಾವು ಒತ್ತಾಯಿಸುವುದು ಈ ಲೆಕ್ಕದ ಕಾರಣಕ್ಕೆ.

ದಿನದ ಬಜೆಟ್ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ದಿನಕ್ಕೆ 500 ರೂಪಾಯಿ ಎಂದು ಬರೆದರೆ ಒಂದು ದಿನ 1,000 ರೂಪಾಯಿಯವರೆಗೂ ಖರ್ಚಾಗಬಹುದು. ಗೂಗಲ್ ನೋಡುವುದು ತಿಂಗಳ ಮಿತಿಯನ್ನು, ಅದು ದಿನದ ಬಜೆಟ್ಟಿನ 30.4 ಪಟ್ಟು, ಇಲ್ಲಿ 15,200. ವಾರಾಂತ್ಯದಲ್ಲಿ ದುಪ್ಪಟ್ಟು ಹೋಯಿತೆಂದು ಗಾಬರಿಬಿದ್ದು ಖಾತೆ ನಿಲ್ಲಿಸಿದರೆ ಕೆಲಸ ಕೆಡುತ್ತದೆ.

ಈಚಿನ ವರ್ಷಗಳ ದೊಡ್ಡ ಬದಲಾವಣೆ ಎಂದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸುವ ಒತ್ತಡ. 2021ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದ ಪರ್ಫಾರ್ಮೆನ್ಸ್ ಮ್ಯಾಕ್ಸ್, ಒಂದೇ ಬಜೆಟ್ಟಿನಿಂದ ಸರ್ಚ್, ಯೂಟ್ಯೂಬ್, ಜಿಮೇಲ್, ಮ್ಯಾಪ್ಸ್, ಇತರ ವೆಬ್‌ಸೈಟುಗಳು ಎಲ್ಲ ಕಡೆ ಜಾಹೀರಾತು ಹರಡುತ್ತದೆ. 2022ರ ಜೂನ್ ಕೊನೆಯ ನಂತರ ಹಳೆಯ ಮಾದರಿಯ ಸರ್ಚ್ ಜಾಹೀರಾತನ್ನು ಹೊಸದಾಗಿ ಬರೆಯಲು ಬಿಡುತ್ತಿಲ್ಲ. ತಲಾ 30 ಅಕ್ಷರದ 15 ಶೀರ್ಷಿಕೆ, ತಲಾ 90 ಅಕ್ಷರದ ನಾಲ್ಕು ವಿವರಣೆಗಳವರೆಗೆ ಕೊಟ್ಟರೆ ಯಂತ್ರವೇ ಜೋಡಿಸುತ್ತದೆ. ದೊಡ್ಡ ಕಂಪನಿಗಳಿಗೆ ಇದು ಹೊಂದುತ್ತದೆ, ಏಕೆಂದರೆ ಯಂತ್ರ ಕಲಿಯಲು ಬೇಕಾದಷ್ಟು ಬುಕಿಂಗ್ ಅವರಲ್ಲಿರುತ್ತದೆ. ತಿಂಗಳಿಗೆ ಮೂವತ್ತಾದರೂ ಬುಕಿಂಗ್ ದಾಖಲಾಗದಿದ್ದರೆ ಆ ಕಲಿಕೆ ನೆಚ್ಚುವಂಥದ್ದಲ್ಲ. ನಾಲ್ಕು ಕೋಣೆಯ ಕಾಪು ಹೋಮ್‌ಸ್ಟೇಗೆ ಅದು ಎಲ್ಲಿಂದ ಬರಬೇಕು? ಅಂಥವರಿಗೆ ಸಾದಾ ಸರ್ಚ್ ಪ್ರಚಾರ, ಕ್ಲಿಕ್ಕಿಗೆ ಇಂತಿಷ್ಟೇ ಎಂಬ ಮಿತಿ, ಇತರ ವೆಬ್‌ಸೈಟುಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ನ ಗುರುತು ತೆಗೆದದ್ದು, 'ಶಿಫಾರಸುಗಳನ್ನು ತಾನಾಗಿ ಅಳವಡಿಸು' ಎಂಬುದನ್ನು ಮುಚ್ಚಿದ್ದು, ಇಷ್ಟೇ ಸರಿ.

ಯಂತ್ರಕ್ಕೆ ತಪ್ಪು ಪಾಠ ಹೇಳಿಕೊಡುವುದು ಇನ್ನೂ ದೊಡ್ಡ ಅಪಾಯ. ಬುಕಿಂಗ್ ಆದದ್ದನ್ನು ಎಣಿಸುವ ಬದಲು ಪುಟ ತೆರೆದದ್ದನ್ನೇ 'ಕನ್ವರ್ಷನ್' (ಜಾಹೀರಾತಿನ ಗುರಿ ಈಡೇರಿದ್ದು) ಎಂದು ಗುರುತಿಸಿರುವ ಖಾತೆಗಳಿವೆ. ವರದಿಯಲ್ಲಿ ಸಾಧನೆ ಭರ್ಜರಿಯಾಗಿ ಕಾಣುತ್ತದೆ, ಯಂತ್ರವೂ ಪುಟ ತೆರೆದು ಮುಚ್ಚುವವರನ್ನೇ ಹುಡುಕಿ ತರುತ್ತದೆ. ಎಣಿಸಬೇಕಾದದ್ದು ಕರೆ, ವಾಟ್ಸ್‌ಆ್ಯಪ್ ಸಂದೇಶ, ತುಂಬಿದ ಬುಕಿಂಗ್ ಅರ್ಜಿ. ಪರ್ಫಾರ್ಮೆನ್ಸ್ ಮ್ಯಾಕ್ಸ್ ಬಳಸುವುದೇ ಆದರೆ ಸ್ವಂತ ಹೆಸರಿನ ಹುಡುಕಾಟವನ್ನು ಅದರಿಂದ ಹೊರಗಿಡಬೇಕು. ಇಲ್ಲವಾದರೆ ಲಾಡ್ಜಿನ ಹೆಸರು ಗೊತ್ತಿದ್ದೇ ಹುಡುಕಿದ ಹಳೆಯ ಗಿರಾಕಿಯನ್ನೂ 'ನಾವೇ ತಂದದ್ದು' ಎಂದು ವರದಿ ಬರೆಯಲು ಏಜೆನ್ಸಿಗೆ ಸುಲಭವಾಗುತ್ತದೆ.

ಸ್ವಂತ ಹೆಸರಿನ ಮೇಲೆ ಬೇರೆಯವರು ಬಿಡ್ ಮಾಡುವುದು ಮಾಲೀಕರನ್ನು ಹೆಚ್ಚು ನೋಯಿಸುವ ವಿಷಯ. 2023ರ ಆಗಸ್ಟ್ 10ರಂದು ದೆಹಲಿ ಹೈಕೋರ್ಟ್, ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೀವರ್ಡ್ (ಜಾಹೀರಾತಿಗೆ ಆರಿಸುವ ಹುಡುಕಾಟದ ಪದ) ಆಗಿ ಬಳಸುವುದೂ 'ಬಳಕೆ'ಯೇ ಎಂದು ಹೇಳಿತು. ಆದರೆ ಅಷ್ಟರಿಂದಲೇ ಉಲ್ಲಂಘನೆ ಆಗುವುದಿಲ್ಲ, ಗಿರಾಕಿಗೆ ಗೊಂದಲವಾಗುವಂತಿದ್ದರೆ ಮಾತ್ರ ತಪ್ಪು ಎಂದೂ ಹೇಳಿತು. ನೋಂದಾಯಿತ ಟ್ರೇಡ್‌ಮಾರ್ಕ್ ಇರುವವರು ಗೂಗಲ್‌ಗೆ ದೂರು ಕೊಟ್ಟರೆ ಜಾಹೀರಾತಿನ ಬರಹದಲ್ಲಿ ಆ ಹೆಸರನ್ನು ತಡೆಯಬಹುದು, ಕೀವರ್ಡ್ ಆಗಿ ಬಳಸುವುದನ್ನು ತಡೆಯಲಾಗದು. ಹೆಸರೇ ನೋಂದಾಯಿಸದ ಲಾಡ್ಜಿಗೆ ಇಷ್ಟೂ ಇಲ್ಲ. ಇದಕ್ಕೆ ಅಗ್ಗದ ಮದ್ದು ತಮ್ಮ ಹೆಸರಿನ ಮೇಲೆ ತಾವೇ ಸಣ್ಣ ಬಿಡ್ ಇಡುವುದು. ಹೊಂದಾಣಿಕೆ ಪೂರ್ತಿ ಇರುವುದರಿಂದ ಕ್ಲಿಕ್ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಬೇರೆ ಯಾರೂ ಬಿಡ್ ಮಾಡದಿದ್ದಾಗ ಅದನ್ನೂ ನಿಲ್ಲಿಸಬಹುದು.

'ಹದಿನೈದು ದಿನದಲ್ಲಿ ಗೂಗಲ್ ಮೊದಲ ಪುಟ, ಗ್ಯಾರಂಟಿ' ಎಂದು ಹಂಪನಕಟ್ಟೆಯಿಂದ ಕುಂದಾಪುರದವರೆಗೆ ಅಂಗಡಿ ಅಂಗಡಿಗೆ ಕರೆ ಬರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿದೆ. ಸಹಜ ಫಲಿತಾಂಶದ ಸ್ಥಾನಕ್ಕೆ ಅದು ಹಣ ತೆಗೆದುಕೊಳ್ಳುವುದೂ ಇಲ್ಲ. ಹಾಗಾದರೆ ಗ್ಯಾರಂಟಿ ಕೊಟ್ಟವರು ತೋರಿಸುವುದು ಏನು? ಕೆಲವರು ಯಾರೂ ಟೈಪ್ ಮಾಡದ ಎಂಟು ಪದದ ಉದ್ದನೆಯ ಸಾಲಿಗೆ ಮೊದಲ ಸ್ಥಾನ ತೋರಿಸುತ್ತಾರೆ. ಕೆಲವರು ಗುಟ್ಟಾಗಿ ಜಾಹೀರಾತು ಹಾಕಿ ಅದನ್ನೇ ಆರ್ಗ್ಯಾನಿಕ್ ಎನ್ನುತ್ತಾರೆ, ಹಣ ನಿಂತ ದಿನ ಹೆಸರೂ ಮಾಯ. ಇನ್ನು ಕೆಲವರು ಬೇರೆ ತಾಣಗಳಿಂದ ನಮ್ಮ ಪುಟಕ್ಕೆ ಬರುವ ಕೊಂಡಿಗಳನ್ನು ತಿಂಗಳಿಗೆ ಇಷ್ಟು ನೂರು ಬ್ಯಾಕ್‌ಲಿಂಕ್ ಎಂದು ಮಾರುತ್ತಾರೆ. ಗೂಗಲ್ ತನ್ನ ಶ್ರೇಯಾಂಕದ ಲೆಕ್ಕದಲ್ಲಿ 2012ರಲ್ಲಿ ತಂದ ಪೆಂಗ್ವಿನ್ ಬದಲಾವಣೆಯಿಂದಲೇ ಕೊಂಡ ಲಿಂಕುಗಳ ಆಟ ಕೆಟ್ಟಿತು. ಈಗ ಅಂಥ ಲಿಂಕನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡುವುದೇ ಹೆಚ್ಚು. ಯಂತ್ರದಿಂದ ರಾಶಿ ರಾಶಿ ಲೇಖನ ಬರೆಸಿ ತುಂಬುವವರಿಗೆ 2024ರ ಮಾರ್ಚ್‌ನ ಸ್ಪ್ಯಾಮ್ ನಿಯಮಗಳು ಬಂದಿವೆ. ಪರೀಕ್ಷೆ ಸುಲಭ: ವೆಬ್‌ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ದಾಖಲೆ ತೋರಿಸಿ ಎಂದು ಕೇಳಿ. ಅದು ಉಚಿತ, ಅದರಲ್ಲಿ 16 ತಿಂಗಳ ದಾಖಲೆ ಇರುತ್ತದೆ, ಮತ್ತು ಅದರ ಸರ್ಚ್ ವರದಿಯಲ್ಲಿ ಜಾಹೀರಾತಿನ ಕ್ಲಿಕ್ ಸೇರುವುದಿಲ್ಲ. ಅಲ್ಲಿ ಕ್ಲಿಕ್ ಇಲ್ಲದಿದ್ದರೆ ಆರ್ಗ್ಯಾನಿಕ್ ಕೆಲಸ ಆಗಿಲ್ಲ.

ಇನ್ನು ಖರ್ಚಿಲ್ಲದ ಕೆಲಸ. ಇದರಲ್ಲಿ ತಮ್ಮ ಕಚೇರಿಗಳ ಪಾಲು ದೊಡ್ಡದು.

ಕನ್ನಡದ ಆದೇಶ, ವೇಳಾಪಟ್ಟಿ, ದರಪಟ್ಟಿಗಳನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಫಾಂಟ್) ಟೈಪ್ ಮಾಡಿ ಪಿಡಿಎಫ್ ಮಾಡಿದರೆ ಮನುಷ್ಯನ ಕಣ್ಣಿಗೆ ಅದು ಕನ್ನಡ. ಸರ್ಚ್ ಎಂಜಿನ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದರಲ್ಲಿ 'ಮಲ್ಪೆ' ಎಂದು ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಕಾಗದ, ವಾಟ್ಸ್‌ಆ್ಯಪ್‌ಗೆಂದು ಮಾಡಿದ ಪೋಸ್ಟರ್ ಚಿತ್ರವನ್ನು ಓದಿಸುವುದೂ ನೆಚ್ಚುವಂತಿಲ್ಲ. ಯಾವುದೇ ಸಾರ್ವಜನಿಕ ಮಾಹಿತಿ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಕನ್ನಡದಲ್ಲಿ, ವೆಬ್ ಪುಟದ ಪಠ್ಯವಾಗಿಯೇ ಇರಬೇಕು, ಪಿಡಿಎಫ್ ಬೇಕಾದರೆ ಜತೆಗಿರಲಿ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಹಳೆಯ ಕಡತ ಬದಲಿಸಲು ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಬ್ಬರು ಕೂತು ತಿದ್ದಬೇಕು. ಹೀಗೆ ಮಾಡಿದರೆ ಕನ್ನಡದಲ್ಲಿ ಹುಡುಕಿದವರಿಗೆ ಸರಕಾರಿ ಪುಟವೇ ಮೊದಲು ಸಿಗುವ ಸಾಧ್ಯತೆ ಹೆಚ್ಚು, ಏಕೆಂದರೆ ಕನ್ನಡ ಪುಟಗಳ ಸ್ಪರ್ಧೆಯೇ ಕಡಿಮೆ.

2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಮಂಗಳೂರು. ಹೊರಗಿನವರು ಈಗಲೂ ಮ್ಯಾಂಗಲೋರ್ ಎಂದೇ ಟೈಪ್ ಮಾಡುತ್ತಾರೆ. ಇಂಗ್ಲಿಷ್ ಪುಟದಲ್ಲಿ ಹಳೆಯ ಹೆಸರೂ ಒಂದು ಸಹಜ ವಾಕ್ಯದಲ್ಲಿ ಇದ್ದರೆ ಸಾಕು, ಹತ್ತು ಸಲ ತುರುಕಬೇಕಾಗಿಲ್ಲ.

ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ವ್ಯವಹಾರದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಮ್ಯಾಪ್‌ನಲ್ಲಿ ಸ್ಥಾನ ನಿರ್ಧರಿಸುವುದು ಹೊಂದಾಣಿಕೆ, ದೂರ, ಪ್ರಸಿದ್ಧಿ ಈ ಮೂರು. ಹೋಮ್‌ಸ್ಟೇಯವರು ಬೋರ್ಡಿನಲ್ಲಿರುವ ಹೆಸರನ್ನೇ ಬರೆಯಬೇಕು. 'ಬೆಸ್ಟ್ ಹೋಮ್‌ಸ್ಟೇ ನಿಯರ್ ಮಲ್ಪೆ ಬೀಚ್' ಎಂದು ಹೆಸರಿಗೆ ಅಂಟಿಸಿದರೆ ಪ್ರೊಫೈಲ್ ಅಮಾನತಾಗಬಹುದು, ಅದೂ ಸೀಸನ್ನಿನ ನಡುವೆ. ರಿವ್ಯೂ ಬರೆದವರಿಗೆ ರಿಯಾಯಿತಿ ಕೊಡುವುದೂ ನಿಯಮಕ್ಕೆ ವಿರುದ್ಧ. ಪಣಂಬೂರು, ತಣ್ಣೀರುಬಾವಿ, ಮಲ್ಪೆ, 2020ರಲ್ಲಿ ಸ್ವಚ್ಛ ಕಡಲತೀರದ ಅಂತರರಾಷ್ಟ್ರೀಯ ಮನ್ನಣೆಯಾದ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ ಕಡಲತೀರ, ಇಂಥ ಸಾರ್ವಜನಿಕ ಜಾಗಗಳ ಪ್ರೊಫೈಲ್ ಒಬ್ಬ ನೌಕರರ ಸ್ವಂತ ಜಿಮೇಲ್‌ನಲ್ಲಿ ಇರಬಾರದು. ವರ್ಗಾವಣೆಯಾದ ದಿನ ಕೀಲಿಯೂ ಹೋಗುತ್ತದೆ. ಕಚೇರಿಯ ಖಾತೆ ಮುಖ್ಯ ಒಡೆಯನಾಗಿದ್ದು, ನೌಕರರು ಮ್ಯಾನೇಜರ್ ಆಗಿರಲಿ. ಮಳೆಗಾಲದಲ್ಲಿ ಬೋಟ್ ನಿಂತಾಗ 'ತಾತ್ಕಾಲಿಕವಾಗಿ ಮುಚ್ಚಿದೆ' ಎಂದು ಗುರುತು ಹಾಕುವುದು ಎರಡು ನಿಮಿಷದ ಕೆಲಸ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ದಿನಗಳಿಗೆ ವಾಹನ ನಿಲುಗಡೆಯ ಮಾಹಿತಿ ಒಂದೇ ಶಾಶ್ವತ ವಿಳಾಸದಲ್ಲಿ ಇರಲಿ. ಪ್ರತಿ ಸಲ ಹೊಸ ಪುಟ ಮಾಡಿದರೆ ಹಿಂದಿನ ಪುಟ ಗಳಿಸಿದ ಬಲವೆಲ್ಲ ವ್ಯರ್ಥ.

ಅಧಿಕೃತ ಪುಟ ಕಾಣದಿದ್ದಾಗ ಆ ಖಾಲಿ ಜಾಗಕ್ಕೆ ಮೋಸಗಾರರು ಬರುತ್ತಾರೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ, ಯಾತ್ರಿಕರನ್ನು ಗುರಿಯಾಗಿಸಿದ ನಕಲಿ ಬುಕಿಂಗ್ ತಾಣಗಳ ಬಗ್ಗೆ ಎಚ್ಚರಿಸಿತು. ಸ್ಪಾನ್ಸರ್ಡ್ ಲಿಂಕ್ ಒತ್ತುವ ಮೊದಲು ಪರಿಶೀಲಿಸಿ ಎಂದೂ ಹೇಳಿತು. ಅದರಲ್ಲಿದ್ದ ಉದಾಹರಣೆಗಳು ಕೇದಾರನಾಥ, ಸೋಮನಾಥದಂಥವು. ಆದರೆ ಯಾತ್ರಿಕರು ರೂಮು ಹುಡುಕಿ ಬರುವ ಊರುಗಳು ನಮ್ಮಲ್ಲೂ ಎಷ್ಟೊಂದಿವೆ. ಗಲ್ಫಿಗೆ ಹೊರಡುವವರು ಪಾಸ್‌ಪೋರ್ಟ್ ಅರ್ಜಿ ಹುಡುಕಿದಾಗಲೂ ಇದೇ ಅಪಾಯ. ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆಯೇ ನೋಡಿ ಎಂಬ ಒಂದು ಸಾಲನ್ನು ಸೇವಾ ಕೇಂದ್ರ, ಬಸ್ ನಿಲ್ದಾಣಗಳಲ್ಲಿ ಬರೆಸಿ. ಜಾಹೀರಾತಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಅದನ್ನು ಹಾಕಿದವರು ಯಾರೆಂದು ಕಾಣುತ್ತದೆ, ಅಲ್ಲೇ ದೂರೂ ಕೊಡಬಹುದು. ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಜಾಹೀರಾತನ್ನು ಸುದ್ದಿಯಂತೆಯೋ ಸಾಮಾನ್ಯ ಬರಹದಂತೆಯೋ ವೇಷ ಮರೆಸಿ ತೋರಿಸುವುದನ್ನು 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ (ಬಳಕೆದಾರರನ್ನು ದಾರಿತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ನಿಷೇಧಿಸಿದೆ. ಇದರ ಬಗ್ಗೆ ದೂರು ಕೊಡಲು ಗ್ರಾಹಕ ಸಹಾಯವಾಣಿ 1915 ಇದೆ.

ಡಿಜಿಟಲ್ ಪ್ರಚಾರದ ಟೆಂಡರ್ ಕರೆಯುವಾಗ ಸೇರಿಸಬೇಕಾದ ಷರತ್ತುಗಳನ್ನು ಈಗ ಹೇಳುತ್ತೇವೆ. ಜಾಹೀರಾತು ಖಾತೆ ಇಲಾಖೆಯ ಇಮೇಲ್‌ನಲ್ಲಿ ತೆರೆದಿರಬೇಕು, ಏಜೆನ್ಸಿ ತನ್ನ ಮ್ಯಾನೇಜರ್ ಖಾತೆಯಿಂದ ಪ್ರವೇಶ ಪಡೆಯಬೇಕು. ಗುತ್ತಿಗೆ ಮುಗಿದ ಮೇಲೆ ಪ್ರವೇಶ ಹೋಗಲಿ, ಇತಿಹಾಸ ಇಲಾಖೆಯಲ್ಲೇ ಉಳಿಯಲಿ. ಗೂಗಲ್‌ಗೆ ಹೋದ ಹಣ ಬೇರೆ, ಏಜೆನ್ಸಿಯ ಸಂಭಾವನೆ ಬೇರೆ ಎಂದು ತೋರಿಸಿ, ಗೂಗಲ್‌ನ ಮೂಲ ಬಿಲ್ ಲಗತ್ತಿಸಬೇಕು. ಎರಡನ್ನೂ ಒಂದೇ ಮೊತ್ತದಲ್ಲಿ ಬರೆದರೆ ಲಕ್ಷದಲ್ಲಿ ಎಷ್ಟು ಜಾಹೀರಾತಾಯಿತೆಂದು ಯಾರಿಗೂ ತಿಳಿಯದು. ತಿಂಗಳ ವರದಿಯಲ್ಲಿ ಹಣದ ಕ್ಲಿಕ್ ಮತ್ತು ಸಹಜ ಕ್ಲಿಕ್ ಪ್ರತ್ಯೇಕವಾಗಿರಬೇಕು, ಸರ್ಚ್ ಟರ್ಮ್ಸ್ ಪಟ್ಟಿ ಪೂರ್ತಿ ಇರಬೇಕು. ಎಷ್ಟು ಜನರ ಕಣ್ಣಿಗೆ ಬಿತ್ತು ಎಂಬ ಲಕ್ಷಗಳ ಸಂಖ್ಯೆಗೆ ಹಣ ಪಾವತಿಸಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಬರೆದ ಟೆಂಡರ್ ಅರ್ಜಿಯನ್ನು ಬದಿಗಿಡಿ.

ಸಹಜ ಫಲಿತಾಂಶದಲ್ಲಿ ಗುಣ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಮೀನುಗಾರಿಕೆಗೆ ರಜೆ ಬೀಳುವ ಜೂನ್ 1ರಂದು ಶುರು ಮಾಡಿದರೆ, ಅಕ್ಟೋಬರ್‌ನ ದಸರಾ ರಜೆಗೆ ಜನ ಬರುವಷ್ಟರಲ್ಲಿ ಮೊದಲ ಫಲ ಕಾಣಬಹುದು. ಯೂನಿಕೋಡ್ ಪುಟಗಳು, ಪ್ರೊಫೈಲ್‌ಗಳ ಒಡೆತನ, ಹೋಮ್‌ಸ್ಟೇ ಮಾಲೀಕರಿಗೆ ಕನ್ನಡದಲ್ಲಿ ಎರಡು ದಿನದ ತರಬೇತಿ, ಈ ಮೂರನ್ನು ಮಳೆಗಾಲದಲ್ಲಿ ಮುಗಿಸಿ, ಜಾಹೀರಾತಿನ ಬಜೆಟ್ ಸೆಪ್ಟೆಂಬರ್‌ವರೆಗೆ ತಡೆಹಿಡಿಯಿರಿ. ತರಬೇತಿಯನ್ನು ಸಂಭಾವನೆ ಇಲ್ಲದೆ ನಡೆಸಿಕೊಡಲು ನಾವು ಸಿದ್ಧರಿದ್ದೇವೆ. ಸಭಾಂಗಣ, ವೈಫೈ, ಮತ್ತು ಬರುವವರು ತಮ್ಮ ಖಾತೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಬರಬೇಕೆಂಬ ಸೂಚನೆ, ಇಷ್ಟು ತಮ್ಮ ಕಡೆಯಿಂದ ಬೇಕು.

ತಮ್ಮ ವಿಶ್ವಾಸಿಗಳು,
ಸರ್ಚ್ ಜಾಹೀರಾತು ಮತ್ತು ವೆಬ್ ಕೆಲಸದಲ್ಲಿ ತೊಡಗಿರುವ ಮಂಗಳೂರು–ಉಡುಪಿಯ ವೃತ್ತಿಪರರು